ಮನಸ್ಸಿನ ಎಂಜಲು

ನಮ್ಮೂರಲ್ಲಿ ಏಳು ಸಾಲು ಹೇಳದೆ ತಿಂದ್ರೆ ಯಾವುದಕ್ಕೂ ರುಚಿ ಇರೋದಿಲ್ಲ. ಅನ್ನ ಬರೀ ಮೆತ್ತಗಿರುತ್ತೆ, ಬೆಲ್ಲ ಬರೀ ಗಟ್ಟಿಯಾಗಿರುತ್ತೆ, ಉಪ್ಪಿನಕಾಯಿ ಬರೀ ಒದ್ದೆ. ಸಾಲು ಹೇಳಿ ಅನ್ನದೊಡೆಯನಿಗೆ ಒಪ್ಪಿಸಿ ಬಾಯಿಗಿಟ್ರೆ ಅದೇ ಬೆಲ್ಲ ಸಿಹಿಯಾಗುತ್ತೆ. ಪರವೂರಿಂದ ಬಂದವರು ಇದನ್ನ ಕೇಳಿ ಮೊದಲು ನಗ್ತಾರೆ. ಆಮೇಲೆ ನನ್ನ ಹೋಟ್ಲಲ್ಲಿ ಕೂತು ಎರಡು ತುತ್ತು ತಿಂದು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಆಮೇಲೆ ತೆಪ್ಪಗೆ ಗೋಡೆ ಕಡೆ ತಿರುಗ್ತಾರೆ. ಗೋಡೆ ಮೇಲೆ ಏಳೂ ಸಾಲನ್ನ ದಪ್ಪ ಅಕ್ಷರದಲ್ಲಿ ಬರೆಸಿದೀನಿ. ಓದಕ್ಕೆ ಬರದವರಿಗೆ ನಾನೇ ಹೇಳಿಕೊಡ್ತೀನಿ.

ಊರಿನವರಿಗೆ ಇದೇನೂ ಕಷ್ಟ ಅಲ್ಲ. ಕಷಾಯ, ಹರಳೆಣ್ಣೆ, ಡಾಕ್ಟರ ಮಾತ್ರೆ ಎಲ್ಲ ಸಾಲು ಹೇಳದೆ ನುಂಗಿ ಆರಾಮಾಗಿರ್ತೀವಿ. ಗಂಡನ ಮೇಲೆ ಕೋಪ ಬಂದ ಹೆಂಗಸರು ಅವನ ಎದುರೇ ಸಾಲು ಹೇಳದೆ ಗಬಗಬ ಉಂಡು ಎದ್ದು ಹೋಗ್ತಾರೆ, ಅವನ ಜೀವ ಹಿಂಡಿದ ಹಾಗಾಗುತ್ತೆ. ನನ್ನ ನಾದಿನಿ ಒಬ್ಬಳಿದಾಳೆ, ಅವಳು ಮಾಡಿದ ಹುಳಿಯನ್ನ ಹುಳಿ ಅಂತ ಅವಳೊಬ್ಬಳೇ ಕರೀಬೇಕು. ಅವಳ ಮನೇಲಿ ನಾನು ಕಣ್ಣು ಮುಚ್ಚಿ ಬರೀ ತುಟಿ ಅಲ್ಲಾಡಿಸ್ತೀನಿ. ಸಪ್ಪೆ ಆದ್ರೂ ಪರವಾಗಿಲ್ಲ, ಹೊಟ್ಟೆ ತುಂಬುತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ ಇದ್ಯಾವುದೂ ತಟ್ಟೋದಿಲ್ಲ, ಅವಕ್ಕೆ ಮಣ್ಣೂ ರುಚಿ. ಐದು ತುಂಬಿದ ಮೇಲೆ ಒಪ್ಪಣೆ ಮನೆಗೆ ಹೋಗಿ ಅಯ್ಯನೋರ ಹತ್ತಿರ ಸಾಲು ಕಲೀಬೇಕು.

ಅಡುಗೆಯವರ ಪಾಡು ಮಾತ್ರ ಸ್ವಲ್ಪ ಬೇರೆ. ಬಡಿಸೋಕೆ ಮುಂಚೆ ಪಾತ್ರೆಯಿಂದ ಒಂದು ಹನಿ ನೆಕ್ಕಿ ನೋಡಿದ್ರೂ ಇಡೀ ಪಾತ್ರೆ ಎಂಜಲು. ಅದಕ್ಕೇ ನಮ್ಮೂರಲ್ಲಿ ಯಾರೂ ರುಚಿ ನೋಡಿ ಅಡುಗೆ ಮಾಡೋದಿಲ್ಲ, ಕೈ ಅಂದಾಜಲ್ಲೇ ಎಲ್ಲ. ಉಪ್ಪು ಹಾಕೋದು ಕೈ, ಖಾರ ಹಾಕೋದು ಕೈ. ನನ್ನ ಕೈ ಬಗ್ಗೆ ನಾನೇ ಹೇಳ್ಕೋಬಾರದು, ಆದ್ರೆ ಹೇಳ್ಕೋತೀನಿ. ಸಾಕಮ್ಮನ ಹೋಟ್ಲು ಅಂದ್ರೆ ಬಸ್ಸಿನವರು ಹತ್ತು ನಿಮಿಷ ಜಾಸ್ತಿ ನಿಲ್ಲಿಸ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಉಪ್ಪು ಹೆಚ್ಚಾಯ್ತು ಕಮ್ಮಿಯಾಯ್ತು ಅಂದಿಲ್ಲ.

ಇಂಥ ನನ್ನ ಅಡುಗೆಯನ್ನ ಮೂವತ್ತಾರು ವರ್ಷ ಆರಿಸಿ ತಣ್ಣಗೆ ಮಾಡ್ಕೊಂಡು ಉಂಡವರು ನಮ್ಮ ಯಜಮಾನ್ರು. ಹೆಸರು ಬೋರಯ್ಯ, ಊರಿಗೆಲ್ಲ ಸೈಕಲ್ ಬೋರಣ್ಣ. ಅವರು ಬಿಗಿ ಮಾಡಿದ ನಟ್ಟು ಸೈಕಲ್ಲು ಮುರಿದ್ರೂ ಸಡಿಲ ಆಗೋದಿಲ್ಲ, ಯಾಕಂದ್ರೆ ಒಂದೊಂದು ನಟ್ಟನ್ನೂ ನಾಲ್ಕು ಸಲ ನೋಡ್ತಾರೆ. ಗಿರಾಕಿ ಸೈಕಲ್ ಹತ್ತಿ ಹೊರಟ ಮೇಲೂ "ತಡಿಯಪ್ಪಾ" ಅಂತ ಓಡಿಹೋಗಿ ಇನ್ನೊಂದು ಸಲ ತಿರುವಿ ನೋಡ್ತಾರೆ. ಜನಕ್ಕೆ ಅದೇ ಇಷ್ಟ. ಬಹಳ ಅಚ್ಚುಕಟ್ಟು ಮನುಷ್ಯ ಅಂತಾರೆ. ಆ ಅಚ್ಚುಕಟ್ಟಿನ ಜೊತೆ ಬದುಕಿದವಳು ನಾನಲ್ವಾ, ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಮದುವೆಯಾದ ಹೊಸದು. ನನಗೆ ಇಪ್ಪತ್ತು. ಬೆಳಗ್ಗೆ ಎದ್ದು ಸ್ನಾನ ಮಾಡಿ, ತವರಲ್ಲಿ ಕಲಿತಿದ್ದೆಲ್ಲ ಖರ್ಚು ಮಾಡಿ ಒಂದು ಮೆಣಸಿನ ಸಾರು ಮಾಡಿದೆ. ತುಪ್ಪದ ಒಗ್ಗರಣೆ ಚಟಪಟ ಅಂದಾಗ ಪಕ್ಕದ ಮನೆಯವಳು ಕಿಟಕೀಲಿ ಇಣುಕಿ ನೋಡಿದ್ಲು. ಬಡಿಸಿದೆ. ಇವರು ತಟ್ಟೆ ಮುಂದೆ ಕಣ್ಣು ಮುಚ್ಚಿ ಕೂತ್ರು. ಕೂತ್ರು ಅಂದ್ರೆ ಕೂತೇ ಕೂತ್ರು. ಏಳು ಸಾಲಿಗೆ ಎಷ್ಟು ಹೊತ್ತು ಬೇಕು? ನಾನು ಒಲೆ ಒರೆಸಿದೆ, ಪಾತ್ರೆ ತೊಳೆದೆ, ಬಾವಿಯಿಂದ ಎರಡು ಕೊಡ ನೀರು ತಂದೆ. ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿತು. ಆಗ ಕಣ್ಣು ಬಿಟ್ಟು, ಔಷಧಿ ಕುಡಿದ ಹಾಗೆ ಉಂಡು, ಕೈ ತೊಳೆದು ಅಂಗಡಿಗೆ ಹೋದ್ರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ. ನಾನು ಹಿತ್ತಲಲ್ಲಿ ಕೂತು ಗೋಳೋ ಅಂತ ಅತ್ತೆ. ನನ್ನ ಕೈ ಅಡುಗೆ ಸೇರಲಿಲ್ಲ, ಇನ್ನು ನಾನೂ ಸೇರೋದಿಲ್ಲ ಅಂದ್ಕೊಂಡೆ.

ನಮ್ಮ ಅತ್ತೆ ಪುಣ್ಯಾತ್ಗಿತ್ತಿ. ಪಕ್ಕ ಬಂದು ಕೂತು, "ನೀನು ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು ಕಣೆ ಮಗಳೇ," ಅಂದ್ರು. ಆಮೇಲೆ ಹೇಳಿದ್ರು.

ಇವರಿಗೆ ಆಗ ಒಂಬತ್ತು ವರ್ಷವಂತೆ. ಯುಗಾದಿ. ಒಪ್ಪಣೆ ಮನೇಲಿ ನಲವತ್ತು ಮಕ್ಕಳು ಸಾಲಾಗಿ ಕೂತಿದ್ರಂತೆ, ಪಕ್ಕದ ಅಡುಗೆ ಮನೆಯಿಂದ ಒಬ್ಬಟ್ಟು ಬೇಯೋ ವಾಸನೆ. ಇವರಿಗೆ ಆಗಿನಿಂದಲೂ ಒಳಗೊಂದು ಹೊರಗೊಂದು ಗೊತ್ತಿಲ್ಲ. ಎದ್ದು ನಿಂತು, "ಅಯ್ಯನೋರೇ, ಸಾಲು ಹೇಳುವಾಗ ನನಗೆ ಒಬ್ಬಟ್ಟೇ ನೆನಪಿಗೆ ಬರ್ತಾ ಇದೆ, ಏನು ಮಾಡೋದು?" ಅಂತ ಕೇಳಿದ್ರಂತೆ. ಆಗ ಇದ್ದವರು ದೊಡ್ಡಯ್ಯನೋರು. ಕೆಟ್ಟ ಮನುಷ್ಯ ಅಲ್ಲ, ಯಾರಿಗೂ ಒಂದೇಟು ಹಾಕಿದವರಲ್ಲ. ಬಹುಶಃ ಅವರಿಗೂ ಹಸಿದಿತ್ತೋ ಏನೋ. "ಮನಸ್ಸಲ್ಲಿ ತಿಂದ್ರೂ ತಿಂದ ಹಾಗೇ ಕಣೋ," ಅಂದ್ರಂತೆ. "ಮನಸ್ಸಲ್ಲಿ ತಿಂದು ಎಂಜಲು ಮಾಡಿದ್ದನ್ನ ಅನ್ನದೊಡೆಯನ ಮುಂದೆ ಇಡ್ತೀಯಾ? ಮೊದಲಿಂದ ಹೇಳು."

ಇವರು ಮೊದಲಿಂದ ಹೇಳಿದ್ರು. ಮತ್ತೆ ಒಬ್ಬಟ್ಟು ನೆನಪಾಯ್ತು. ಮತ್ತೆ ಮೊದಲಿಂದ. ಹೀಗೆ ಹನ್ನೊಂದು ಸಲ. ಅಷ್ಟೊತ್ತಿಗೆ ಉಳಿದ ಮಕ್ಕಳೆಲ್ಲ ಉಂಡು, ಕೈ ತೊಳೆದು, ಆಟಕ್ಕೆ ಹೋಗಿದ್ರು. ಕೊನೆಗೆ ತಣ್ಣಗಾದ ಒಬ್ಬಟ್ಟನ್ನ ಬಾಯಿಗಿಟ್ರೆ ಹತ್ತಿ ಅಗಿದ ಹಾಗೆ ಸಪ್ಪೆ. ಮನೆಗೆ ಬಂದು ಅಮ್ಮನ ಸೆರಗು ಹಿಡ್ಕೊಂಡು, "ಅನ್ನದೊಡೆಯನಿಗೆ ಗೊತ್ತಾಗಿಬಿಡ್ತು ಕಣಮ್ಮಾ," ಅಂತ ಒಂದೇ ಸಮ ಅತ್ರಂತೆ. ದೊಡ್ಡಯ್ಯನೋರ ಮಾತನ್ನ ಅವತ್ತು ನಲವತ್ತು ಮಕ್ಕಳೂ ಕೇಳಿದ್ರು. ಮೂವತ್ತೊಂಬತ್ತು ಮಕ್ಕಳು ಒಬ್ಬಟ್ಟಿನ ಜೊತೆ ಅದನ್ನೂ ಅರಗಿಸಿಕೊಂಡ್ರು. ಇವರೊಬ್ಬರ ಗಂಟಲಲ್ಲಿ ಅದು ನಿಂತುಬಿಡ್ತು.

ಅವತ್ತಿಂದ ಇವರ ಊಟ ಹೀಗೆ. ಆಸೆ ಇರೋವರೆಗೆ ಒಪ್ಪಿಸೋ ಹಾಗಿಲ್ಲ. ಬಿಸಿ ಆರಬೇಕು, ವಾಸನೆ ಹೋಗಬೇಕು, ತಟ್ಟೇಲಿ ಇರೋದು ಬೇಕು ಅನ್ನಿಸದೆ ಇರಬೇಕು. ಆಗ ಒಂದು ಸಲ ಸಾಲು ಸರಿಯಾಗಿ ಬರುತ್ತೆ, ಆಗ ಉಣ್ತಾರೆ. ರುಚಿ ಇರುತ್ತಂತೆ, ಆದ್ರೆ ಬಾಯಿ ಬಿಟ್ಟು ಹೇಳೋದಿಲ್ಲ. ಇವತ್ತು ಚೆನ್ನಾಗಿದೆ ಅಂದ್ರೆ ನಾಳೆ ಸಾಲು ಹೇಳುವಾಗ ಅದೇ ನೆನಪಾಗುತ್ತಲ್ಲ!

ನಾನೂ ಹಟಮಾರಿ. ಅವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನಿಗೆ ಆಸೆ ಬರದ ಹಾಗೆ ಅಡುಗೆ ಮಾಡಿದ್ರಾಯ್ತು ಅಂತ. ಹೋಟ್ಲು ಇಟ್ಟ ಮೇಲೂ ಅಲ್ಲಿಗೆ ಒಂದು ಅಡುಗೆ, ಇವರಿಗೆ ಒಂದು. ಇವರ ಸಾರಿಗೆ ಒಗ್ಗರಣೆ ಇಲ್ಲ, ಕೊತ್ತಂಬರಿ ಇಲ್ಲ, ತುಪ್ಪ ಇಲ್ಲ. ವಾಸನೆ ಬಾರದ ಹಾಗೆ ಮುಚ್ಚಿ, ಆರಿಸಿ, ಕ್ಯಾರಿಯರಿಗೆ ತುಂಬಿ ಅಂಗಡಿಗೆ ಕಳಿಸ್ತಿದ್ದೆ. ಹನ್ನೊಂದು ಸಲ ಇದ್ದದ್ದು ಮೂರಕ್ಕೆ ಇಳೀತು. ಊರಿಗೆಲ್ಲ ಬೆರಳು ಚೀಪೋ ಹಾಗೆ ಬಡಿಸೋಳು ಕಟ್ಟಿಕೊಂಡ ಗಂಡನಿಗೆ ಬೇಕು ಬೇಕು ಅಂತ ಕೆಟ್ಟದಾಗಿ ಬೇಯಿಸ್ತಿದ್ದೆ. ಅದನ್ನೇ ನಾನು ಪ್ರೀತಿ ಅಂದ್ಕೊಂಡಿದ್ದೆ. ಪ್ರೀತಿ ಅಲ್ಲ ಅಂತ ಈಗಲೂ ಹೇಳೋದಿಲ್ಲ.

ನಾವು ಜಗಳ ಆಡ್ಕೊಂಡು ಬಾಳಿದವರಲ್ಲ. ಇವರು ಕುಡೀಲಿಲ್ಲ, ಒಂದು ಗಟ್ಟಿ ಮಾತು ಆಡಲಿಲ್ಲ. ಸಂಜೆ ಹೋಟ್ಲಿನ ಬಾಗಿಲು ಹಾಕುವಾಗ ಬಂದು ಬೀಗ ನಾಲ್ಕು ಸಲ ಎಳೆದು ನೋಡಿ, ನನ್ನ ಕೈಲಿದ್ದ ಚೀಲ ತಾವು ತಗೊಂಡು, ಇಬ್ಬರೂ ಕೆರೆ ಏರಿ ಮೇಲೆ ನಡ್ಕೊಂಡು ಮನೆಗೆ ಬರ್ತಿದ್ವಿ. ಮಗಳು ಪ್ರಮೀಳಾ ಹುಟ್ಟಿ, ಬೆಳೆದು, ಮದುವೆಯಾದ್ಲು. ಅವಳಿಗೆ ಅಪ್ಪನ ಈ ಪಾಡು ಗೊತ್ತೇ ಆಗಲಿಲ್ಲ, ಯಾಕಂದ್ರೆ ಅಪ್ಪ ಎರಡು ಹೊತ್ತೂ ಉಣ್ತಿದ್ದದ್ದು ಅಂಗಡೀಲಿ, ಒಬ್ಬರೇ, ಟ್ಯೂಬು ಟೈರುಗಳ ಮಧ್ಯೆ ಗೋಡೆ ಕಡೆ ಮುಖ ಮಾಡ್ಕೊಂಡು. ಅದು ಹಾಗೇ ನಡ್ಕೊಂಡು ಹೋಗ್ತಿತ್ತು. ಹೋದ ವರ್ಷ ಎರಡು ಬದಲಾವಣೆ ಆಯ್ತು. ಇವರ ಮಂಡಿ ನೋವು ಜಾಸ್ತಿಯಾಗಿ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಮನೆಗೇ ಬರೋಕೆ ಶುರು ಮಾಡಿದ್ರು. ಮತ್ತೆ ಪ್ರಮೀಳಾಗೆ ಎರಡನೇ ಬಾಣಂತನ. ಅವಳ ಅತ್ತೆ ಮನೇಲೇ ಬಾಣಂತನ ಅಂತ ತೀರ್ಮಾನ ಆಗಿ, ದೊಡ್ಡವಳು ಬೆಳ್ಳಿ ಎರಡು ತಿಂಗಳಿಗೆ ನಮ್ಮ ಮನೆಗೆ ಬಂದ್ಲು.

ಬೆಳ್ಳಿಗೆ ಆಗಷ್ಟೇ ಐದು ತುಂಬಿತ್ತು. ಅಬ್ಬಾ, ಏನು ಹುಡುಗಿ ಅಂತೀರಿ! ತಿನ್ನೋದು ಅಂದ್ರೆ ಪ್ರಾಣ. ಬೆಳಗ್ಗೆ ಕಣ್ಣು ಬಿಡ್ತಿದ್ದ ಹಾಗೆ "ಅಜ್ಜಿ, ಇವತ್ತು ಏನು ತಿಂಡಿ?" ಉಪ್ಪಿಟ್ಟು ಅಂದ್ರೆ ಕುಣಿಯೋಳು, ರೊಟ್ಟಿ ಅಂದ್ರೂ ಕುಣಿಯೋಳು. ಒಪ್ಪಣೆ ಮನೆಗೆ ಸೇರಿಸಿದ್ವಿ. ನಾಲ್ಕೇ ದಿನಕ್ಕೆ ಏಳು ಸಾಲು ಬಾಯಿಗೆ ಬಂತು. ರೈಲು ಬಿಟ್ಟ ಹಾಗೆ ಒಂದೇ ಉಸಿರಿಗೆ ಹೇಳಿ, ಏಳನೇ ಸಾಲು ಮುಗಿಯೋ ಹೊತ್ತಿಗೆ ಕೈ ತಟ್ಟೇಲಿ. ತಾತ ಮೊಮ್ಮಗಳು ಅಕ್ಕಪಕ್ಕ ಮಣೆ ಹಾಕ್ಕೊಂಡು ಕೂರ್ತಿದ್ರು. ಅವಳು ಉಂಡು, ಎರಡನೇ ಸಲ ಹಾಕಿಸ್ಕೊಂಡು, ತೇಗಿ ಏಳೋ ಹೊತ್ತಿಗೂ ತಾತನ ಕಣ್ಣು ಮುಚ್ಚೇ ಇರ್ತಿತ್ತು.

ಮಕ್ಕಳು ಸುಮ್ನೆ ಇರ್ತವಾ? ಒಂದು ದಿನ ಕೇಳಿದ್ಲು. "ತಾತ, ನೀನು ಯಾಕೆ ಅಷ್ಟು ಹೊತ್ತು ಹೇಳ್ತೀಯಾ? ನಿಂಗೆ ಸಾಲು ಮರೆತುಹೋಯ್ತಾ?" ನಾನು ಅಡುಗೆ ಮನೇಲಿದ್ದೆ. ಇವರು ಸುಳ್ಳು ಹೇಳಬಹುದಿತ್ತು. ಇವರಿಗೆ ಸುಳ್ಳು ಬರೋದಿಲ್ಲ, ಅದೇ ತಾಪತ್ರಯ. ಒಂಬತ್ತು ವರ್ಷದಲ್ಲಿ ಕೇಳಿದ್ದನ್ನ ಐದು ವರ್ಷದವಳಿಗೆ ಹಾಗ್ಹಾಗೇ ಹೇಳಿಬಿಟ್ರು. ಮನಸ್ಸಲ್ಲಿ ತಿಂದ್ರೂ ತಿಂದ ಹಾಗೇ.

ಮಗು ಮರೆತುಬಿಡುತ್ತೆ ಅಂತ ನಾನೂ ಅದನ್ನ ಅಲ್ಲಿಗೇ ಬಿಟ್ಟೆ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಬೆಳ್ಳಿ ಎರಡನೇ ಸಲ ಹಾಕಿಸ್ಕೊಳ್ಳೋದು ಬಿಟ್ಲು. ಮೂರನೇ ವಾರ ಅವಳ ಲಂಗದ ಲಾಡಿ ನಾನೇ ಬಿಗಿ ಮಾಡಿ ಕಟ್ಟಬೇಕಾಯ್ತು. ಶೆಖೆಗೆ ಹಸಿವು ಕಮ್ಮಿ ಅಂದ್ಕೊಂಡೆ, ಆದ್ರೆ ಅದು ಅವರೆಕಾಯಿ ಕಾಲ, ಶೆಖೆ ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ನೋಡಿದೆ. ತಾತ ಕಣ್ಣು ಮುಚ್ಚಿ ಕೂತಿದಾರೆ. ಪಕ್ಕದಲ್ಲಿ ಇವಳೂ ಕೂತಿದಾಳೆ, ಹುಬ್ಬು ಗಂಟು ಹಾಕ್ಕೊಂಡು, ಪುಟ್ಟ ಕೈಗಳನ್ನ ಬಿಗಿಯಾಗಿ ಜೋಡಿಸ್ಕೊಂಡು. ತುಟಿ ಅಲ್ಲಾಡ್ತಿದೆ, ನಿಲ್ಲುತ್ತೆ, ತಲೆ ಕೊಡವ್ತಾಳೆ, ಮತ್ತೆ ಮೊದಲಿಂದ. ಇಬ್ಬರ ತಟ್ಟೇಲೂ ಅನ್ನ ಒಣಗ್ತಾ ಇದೆ.

ಆ ಮಾತು ಹುಟ್ಟಿದ್ದು ಅಲ್ಲೇ ಅಂತ ಅವತ್ತೇ ಸಂಜೆ ಒಪ್ಪಣೆ ಮನೆಗೆ ಹೋದೆ. ಈಗ ಇರೋರು ಚಿಕ್ಕಯ್ಯನೋರು, ಮೂವತ್ತು ವರ್ಷದ ಹುಡುಗ, ನನ್ನ ಹೋಟ್ಲಲ್ಲೇ ಬೆಳಗ್ಗೆ ಇಡ್ಲಿ ತಿನ್ನೋದು. ಜಗಳಕ್ಕೇ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಹೋಗಿದ್ದೆ. "ಅಯ್ಯನೋರೇ, ಮನಸ್ಸಿನ ಎಂಜಲು ಅಂತ ಈಗಲೂ ಹೇಳಿಕೊಡ್ತಿದೀರಾ ಮಕ್ಕಳಿಗೆ?" ಅಂದೆ. ಆತ ಕಣ್ಣು ಕಣ್ಣು ಬಿಟ್ಟ. "ಏನಮ್ಮಾ ಅದು? ನಾನು ಕೇಳೇ ಇಲ್ಲವಲ್ಲ," ಅಂತ ಒಳಗಿಂದ ಹಳೇ ಪುಸ್ತಕ ತಂದು ಒಂದೊಂದೇ ಹಾಳೆ ತಿರುವಿ ತೋರಿಸಿದ. ಏಳು ಸಾಲಿತ್ತು. ಕೈ ತೊಳೆದು ಕೂರಬೇಕು ಅಂತಿತ್ತು. ಹಂಚಿ ತಿನ್ನಬೇಕು ಅಂತಿತ್ತು. ಅಷ್ಟೇ. "ಸಾಕಮ್ಮನೋರೇ, ಊಟ ನೆನೆಸ್ಕೊಳ್ದೆ ಸಾಲು ಹೇಳೋಕೆ ನನ್ನ ಕೈಲೂ ಆಗಲ್ಲ. ಬೆಳಗ್ಗೆ ನಿಮ್ಮ ಇಡ್ಲಿ ಮುಂದೆ ಕೂತು ಹೇಳುವಾಗ ಚಟ್ನಿ ಮೇಲೇ ಕಣ್ಣು," ಅಂತ ನಕ್ಕ.

ಮನೆಗೆ ಬಂದು ಇವರಿಗೆ ಹೇಳಿದೆ. "ರೀ, ಪುಸ್ತಕದಲ್ಲಿ ಇಲ್ವಂತೆ ಕಣ್ರೀ. ಯಾವತ್ತೂ ಇರಲಿಲ್ವಂತೆ. ದೊಡ್ಡಯ್ಯನೋರು ಏನೋ ಬಾಯಿಗೆ ಬಂದದ್ದು ಅಂದ್ರು, ನೀವು ಹಿಡ್ಕೊಂಡು ಕೂತ್ರಿ."

ಇವರು ಒಂದು ಪೆಡಲ್ ಒರೆಸ್ತಾ ಇದ್ರು. ಒರೆಸ್ತಾನೇ ಇದ್ರು. ಆಮೇಲೆ ಮೆತ್ತಗೆ, "ಪುಸ್ತಕದಲ್ಲಿ ಇಲ್ದೆ ಇರಬಹುದು ಸಾಕಮ್ಮ. ನನ್ನಲ್ಲಿ ಇದೆಯಲ್ಲ," ಅಂದ್ರು.

ನನಗೆ ಕೋಪ ಬಂತು. "ನಿಮ್ಮಲ್ಲಿ ಇದ್ರೆ ಇರಲಿ. ಆ ಮಗೂಗೆ ಯಾಕೆ ದಾಟಿಸಿದ್ರಿ?" ಅಂದೆ. ಅಷ್ಟು ವರ್ಷದಲ್ಲಿ ಅವರಿಗೆ ನಾನು ಅಂದ ಅತೀ ಕೆಟ್ಟ ಮಾತು ಅದು. ಅವರ ಮುಖ ಕಪ್ಪಿಟ್ಟು ಹೋಯ್ತು. ಪೆಡಲ್ ಕೆಳಗಿಟ್ಟು ಒಳಗೆ ಹೋದ್ರು. ಮರುದಿನ ಊಟಕ್ಕೆ ಕೂರೋಕೆ ಮುಂಚೆ ಬೆಳ್ಳಿಯನ್ನ ಕರೆದು, "ನಾನು ಹೇಳಿದ್ದು ತಪ್ಪು ಪುಟ್ಟಿ, ನೀನು ನಿನ್ನ ಪಾಡಿಗೆ ಒಂದೇ ಸಲ ಹೇಳಿ ಉಣ್ಣು," ಅಂದ್ರು. ಬೆಳ್ಳಿ ಅವರನ್ನೇ ನೋಡಿದ್ಲು. ಇವರು ತಮ್ಮ ತಟ್ಟೆ ಮುಂದೆ ಕೂತು ಕಣ್ಣು ಮುಚ್ಚಿದ್ರು. ಒಂದು ಸಲ, ಎರಡು ಸಲ, ಮೂರು ಸಲ. ಅವಳೂ ಕಣ್ಣು ಮುಚ್ಚಿದ್ಲು. ಬಾಯಲ್ಲಿ ಹೇಳಿದ್ದನ್ನ ಯಾವ ಮಗು ಕೇಳುತ್ತೆ ಹೇಳಿ!

ಆ ಭಾನುವಾರ ಹೋಟ್ಲಿಗೆ ರಜ. ಹಿತಕಿದ ಅವರೆಬೇಳೆ ಸಾರು ಮಾಡೋಣ ಅಂತ ರಾತ್ರಿಯೇ ಕಾಳು ನೆನೆಹಾಕಿದ್ದೆ. ಬೆಳಗ್ಗೆ ಬಿಸಿಲಲ್ಲಿ ಜಗಲಿ ಮೇಲೆ ಬೋಗುಣಿ ಇಟ್ಕೊಂಡು ನಾನು, ಬೆಳ್ಳಿ ಕಾಳು ಹಿತುಕ್ತಾ ಕೂತ್ವಿ. ಅವಳ ಬೆರಳಿಂದ ಬೇಳೆ ಪುಳಕ್ಕನೆ ಹಾರಿ ಒಂದು ನನ್ನ ಮೂಗಿಗೆ ಬಿತ್ತು. ಬಹಳ ದಿನದ ಮೇಲೆ ನಕ್ಕಳು. ನನಗೂ ಹಗುರಾಯ್ತು. ಆಮೇಲೆ ನಗು ನಿಲ್ಲಿಸಿ, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ ನನ್ನ ಕಿವಿ ಹತ್ತಿರ ಬಂದು, "ಅಜ್ಜಿ, ನಂಗೂ ತಾತಂಗೆ ಮಾಡೋ ಹಾಗೇ ಮಾಡ್ತೀಯಾ?" ಅಂದ್ಲು.

"ಹಾಗೆ ಅಂದ್ರೆ?"

"ಒಗ್ಗರಣೆ ಹಾಕ್ದೆ. ಚೆನ್ನಾಗಿ ಮಾಡಬೇಡ ಅಜ್ಜಿ. ಚೆನ್ನಾಗಿದ್ರೆ ನಂಗೆ ಸಾಲು ಬೇಗ ಸರಿಯಾಗಿ ಬರಲ್ಲ."

ಅಯ್ಯೋ ದೇವರೇ. ಕೈಲಿದ್ದ ಕಾಳು ಕೈಲೇ ಉಳೀತು. ಮೂವತ್ತಾರು ವರ್ಷ ನಾನು ಏನು ಮಾಡ್ಕೊಂಡು ಬಂದೆ ಅಂತ ಆ ಮಗು ಒಂದು ಮಾತಲ್ಲಿ ನನ್ನ ಮುಂದೆ ಇಟ್ಟುಬಿಡ್ತು. ದೊಡ್ಡಯ್ಯನೋರು ಒಂದು ಸಲ ಹೇಳಿ ಹೋದ್ರು. ಆಮೇಲೆ ದಿನಕ್ಕೆರಡು ಸಲ ಒಗ್ಗರಣೆ ಇಲ್ಲದ ಸಾರು ಮಾಡಿ, ಹೌದು, ನೀವು ಹೆದರಿದ್ದು ಸರಿ ಅಂತ ಹೇಳ್ತಾ ಬಂದವಳು ನಾನೇ.

ಎದ್ದು ಒಳಗೆ ಹೋದೆ. ಇವತ್ತು ಏನಾದ್ರೂ ಆಗಲಿ ಅಂದೆ. ಒಂದೇ ಅಡುಗೆ, ಮೂವರಿಗೂ. ಕಾಯಿ ತುರಿದೆ, ಮೆಣಸಿನಕಾಯಿ ಹುರಿದೆ, ಚಕ್ಕೆ ಲವಂಗ ಗಸಗಸೆ ಹಾಕಿ ನುಣ್ಣಗೆ ರುಬ್ಬಿದೆ. ಕಣ್ಣಲ್ಲಿ ನೀರು ಸುರೀತಾ ಇತ್ತು, ಈರುಳ್ಳಿ ಮೇಲೆ ತಪ್ಪು ಹಾಕಿದೆ. ಸಾರು ಕುದಿ ಬಂದಾಗ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಕರಿಬೇವು ಹಾಕಿದೆ. ಆ ಒಗ್ಗರಣೆಯನ್ನ ಸಾರಿಗೆ ಸುರಿದಾಗ ಬಂದ ಸದ್ದು, ಆ ಘಮ, ಏನು ಹೇಳಲಿ! ನನ್ನ ಆ ಮೊದಲ ಮೆಣಸಿನ ಸಾರು ಆದ ಮೇಲೆ ಆ ಮನೆಯ ಗೋಡೆಗಳು ಅಂಥ ವಾಸನೆ ಕಂಡಿರಲಿಲ್ಲ. ಮುದ್ದೆ ಕಟ್ಟಿದೆ. ಹೊಗೆಯಾಡ್ತಿದ್ದ ಹಾಗೇ ಬಡಿಸಿದೆ.

ಇವರು ಬಾಗಿಲಲ್ಲೇ ನಿಂತುಬಿಟ್ರು. "ಏನಿದು?" ಅಂದ್ರು.

"ಊಟ," ಅಂದೆ.

ಕೂತ್ರು. ಬೆಳ್ಳಿಯೂ ಕೂತ್ಲು. ನಾನು ಬಾಗಿಲಿಗೆ ಒರಗಿ ನಿಂತೆ. ಇಬ್ಬರೂ ಕಣ್ಣು ಮುಚ್ಚಿದ್ರು. ಹಬೆ ನೆಟ್ಟಗೆ ಅವರ ಮೂಗಿಗೆ. ಬೆಳ್ಳಿಯ ತುಟಿ ಅಲ್ಲಾಡಿತು, ನಿಂತಿತು. ಮತ್ತೆ ಮೊದಲಿಂದ. ನಿಂತಿತು. ಇವರ ಹಣೆ ಮೇಲೆ ಬೆವರು. ಮತ್ತೆ ಮೊದಲಿಂದ. ಹುಡುಗಿಯ ಹೊಟ್ಟೆ ಗುರ್ ಅಂದದ್ದು ನನಗೆ ಬಾಗಿಲವರೆಗೆ ಕೇಳಿಸ್ತು. ಐದನೇ ಸಲಕ್ಕೆ ಅವಳ ಮುಚ್ಚಿದ ಕಣ್ಣಿಂದ ನೀರು ಇಳೀತು, ಆದ್ರೆ ಕೈ ಬಿಚ್ಚಲಿಲ್ಲ. ನಾನು ತಪ್ಪು ಮಾಡಿದೆ, ಇಬ್ಬರನ್ನೂ ಹಿಂಸೆ ಮಾಡ್ತಿದೀನಿ, ಓಡಿ ಹೋಗಿ ತಟ್ಟೆ ಎತ್ಕೊಂಡುಬಿಡಲಾ ಅನ್ನಿಸ್ತು.

ಆಗ ಇವರು ಕಣ್ಣು ಬಿಟ್ರು. ಪಕ್ಕಕ್ಕೆ ತಿರುಗಿ ಮೊಮ್ಮಗಳನ್ನ ನೋಡಿದ್ರು. ಅವಳಲ್ಲಿ ಯಾರನ್ನ ನೋಡ್ತಿದಾರೆ ಅಂತ ನನಗೆ ಗೊತ್ತಿತ್ತು.

"ಪುಟ್ಟಿ," ಅಂದ್ರು. "ಎಷ್ಟನೇ ಸಲ?"

"ಐದು," ಅಂದ್ಲು ಬೆಳ್ಳಿ ಕಣ್ಣು ಮುಚ್ಚಿಕೊಂಡೇ. "ನಿಂದು ತಾತ?"

"ನಂದೂ ಐದೇ. ಏನು ನೆನಪಾಗ್ತಿದೆ ನಿಂಗೆ?"

ಬೆಳ್ಳಿ ಬಿಕ್ಕಿದ್ಲು. "ಅವರೆಬೇಳೆ."

"ನಂಗೂ ಅವರೆಬೇಳೇನೇ ಕಣೆ," ಅಂದ್ರು ಇವರು. "ನಂಗೂ ಅದೇ. ಬಾ, ಇಬ್ಬರೂ ಒಟ್ಟಿಗೆ ಹೇಳೋಣ. ಕಣ್ಣು ಬಿಟ್ಕೊಂಡು, ತಟ್ಟೆ ನೋಡ್ಕೊಂಡೇ ಹೇಳೋಣ."

"ಎಂಜಲಾದ್ರೆ?"

"ಆದ್ರೆ ನನ್ನ ತಲೆ ಮೇಲೆ ಬರಲಿ. ನಿನ್ನದೂ ನನ್ನ ಮೇಲೇ ಬರಲಿ."

ಹೇಳಿದ್ರು. ಬಿಸಿ ಸಾರನ್ನೇ ನೋಡ್ತಾ, ದೊಡ್ಡ ದನೀಲಿ. ಬೆಂಕಿ ಕೊಟ್ಟವನೇ ಅಂತ ಮೊದಲ ಸಾಲು ಶುರುವಾಯ್ತು. ಮೂರನೇ ಸಾಲಿಗೆ ಇವರ ದನಿ ನಡುಗಿತು, ನಿಲ್ತಾರೆ ಅಂದ್ಕೊಂಡೆ, ನಿಲ್ಲಲಿಲ್ಲ. ಬೆಳ್ಳಿಯ ಸಣ್ಣ ದನಿ ಹಿಂದೆ ಹಿಂದೆ ಬಂತು. ಏಳನೇ ಸಾಲು ಮುಗೀತು. ಮತ್ತೆ ಮೊದಲಿಂದ ಹೇಳಲಿಲ್ಲ. ಇವರು ಮುದ್ದೆ ಮುರಿದ್ರು. ಬಿಸಿ ಮುದ್ದೆ ಮುರಿದು ರೂಢಿ ಇಲ್ಲ ಪಾಪ, ಬೆರಳು ಸುಟ್ಕೊಂಡು ಉಸ್ ಅಂದ್ರು. ಸಾರಲ್ಲಿ ಅದ್ದಿದ್ರು. ಒಂದು ಹನಿ ಪಂಚೆ ಮೇಲೆ ಬಿತ್ತು. ಬಾಯಿಗಿಟ್ರು.

ಒಂಬತ್ತು ವರ್ಷದವರಾಗಿದ್ದಾಗ ಹತ್ತಿ ಅಗಿದವರು ಆ ಮನುಷ್ಯ. ಇವತ್ತೂ ಹಾಗೇ ಆದ್ರೆ ಮುಗೀತು, ಅವರ ಕತೇನೂ ಮುಗೀತು, ಆ ಮಗೂದೂ ಮುಗೀತು. ಮುಖ ನೋಡಿದೆ, ಏನೂ ಇಲ್ಲ. ನುಂಗಿದ್ರು. ಇನ್ನೊಂದು ತುತ್ತು ಮುರಿದ್ರು. ನಾಲಿಗೆಯನ್ನ ಬಾಯೊಳಗೆ ನಿಧಾನಕ್ಕೆ ಆಡಿಸಿದ್ರು. ಹುಬ್ಬು ಗಂಟಾಯ್ತು. ತಲೆ ಎತ್ತಿ ನನ್ನ ಕಡೆ ನೋಡಿದ್ರು, ಹೇಳಲೋ ಬೇಡವೋ ಅನ್ನೋ ಹಾಗೆ.

"ಸಾಕಮ್ಮ," ಅಂದ್ರು. "ಉಪ್ಪು ಹಾಕಿಲ್ಲ ಅನ್ಸುತ್ತೆ."

"ಏನಂದ್ರಿ?" ಅಂದೆ. ಆ ಗಳಿಗೇಲಿ ಇದರ ಅರ್ಥ ಏನು ಅಂತ ನನಗೆ ಹೊಳೀಲೇ ಇಲ್ಲ ನೋಡಿ. ಸಿಟ್ಟು ನೆತ್ತಿಗೇರಿತು. ಬಸ್ಸಿನವರು ಅನ್ನದ ಮಾತು, ನಾಲ್ಕೂರಿನ ಜನ ಅನ್ನದ ಮಾತು! "ನನ್ನ ಕೈಗೆ ಉಪ್ಪು ಗೊತ್ತಿಲ್ವಾ? ನಿಮ್ಮ ನಾಲಿಗೆ ಸರಿ ಇಲ್ಲ ಕಣ್ರೀ."

"ಹೌದಜ್ಜಿ, ಉಪ್ಪೇ ಇಲ್ಲ!" ಅಂದ್ಲು ಬೆಳ್ಳಿ. ಬಾಯಿ ತುಂಬ ಮುದ್ದೆ, ಗಲ್ಲದ ಮೇಲೆ ಇನ್ನೂ ಆರದ ಕಣ್ಣೀರು, ಕೈ ಆಗಲೇ ಮುಂದಿನ ತುತ್ತಿಗೆ. "ಖಾರ ಇದೆ, ಬೆಳ್ಳುಳ್ಳಿ ಇದೆ, ಉಪ್ಪಿಲ್ಲ!"

ಬಡಿಸಿ ಆಗಿತ್ತು, ಇನ್ನು ನಾನು ರುಚಿ ನೋಡಬಹುದು. ನಿಂತ ನಿಲುವಲ್ಲೇ ಏಳು ಸಾಲನ್ನ ಬಡಬಡ ಅಂತ ಒದರಿ, ಸೌಟಿಂದ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೆಕ್ಕಿದೆ. ಕಾಯಿ ಇತ್ತು, ಗಸಗಸೆ ಇತ್ತು, ಚಕ್ಕೆ ಲವಂಗ ಇತ್ತು. ಉಪ್ಪು ಒಂದು ಹರಳೂ ಇರಲಿಲ್ಲ. ಅಳ್ತಾ ಅಳ್ತಾ ರುಬ್ಬಿದವಳು ಉಪ್ಪಿನ ಜಾಡಿ ಮುಟ್ಟೇ ಇರಲಿಲ್ಲ. ಆಗ ನನಗೆ ಅರ್ಥವಾಯ್ತು. ಉಪ್ಪಿಲ್ಲ ಅಂತ ಗೊತ್ತಾಗಬೇಕಾದ್ರೆ ಉಳಿದದ್ದೆಲ್ಲ ನಾಲಿಗೆಗೆ ಸಿಕ್ಕಿರಬೇಕು. ಆಸೆ ಇಟ್ಕೊಂಡೇ, ಬಿಸಿಬಿಸಿ ತಟ್ಟೆ ನೋಡ್ಕೊಂಡೇ ಒಪ್ಪಿಸಿದ್ದನ್ನ ಅನ್ನದೊಡೆಯ ತಗೊಂಡಿದ್ದ. ರುಚಿ ಬಿಟ್ಟುಕೊಟ್ಟಿದ್ದ.

ಅವತ್ತಿಂದ ಎಲ್ಲ ಸರಿಹೋಯ್ತು ಅಂದ್ರೆ ಸುಳ್ಳಾಗುತ್ತೆ. ಈಗಲೂ ಕೆಲವು ದಿನ ಎರಡು ಸಲ, ಮೂರು ಸಲ ಹೇಳ್ತಾರೆ. ಬೀಗ ಈಗಲೂ ನಾಲ್ಕು ಸಲ ಎಳೀತಾರೆ. ಐವತ್ತು ವರ್ಷದಿಂದ ಗಂಟಲಲ್ಲಿ ಕೂತದ್ದು ಒಂದು ತುತ್ತಿಗೆ ಇಳಿಯುತ್ತಾ? ಆದ್ರೆ ಮನೇಲಿ ಈಗ ಒಂದೇ ಅಡುಗೆ, ಒಗ್ಗರಣೆ ಹಾಕಿದ್ದು. ಬೆಳ್ಳಿ ತಾಯಿ ಮನೆಗೆ ಹೋಗುವಾಗ ಲಂಗದ ಲಾಡಿ ಮತ್ತೆ ಸಡಿಲ ಮಾಡಿ ಕಳಿಸಿದೆ. ಅದೆಲ್ಲ ಆಮೇಲಿನ ಮಾತು.

ಅವತ್ತು ಮಾತ್ರ ನಾನು ಉಪ್ಪು ತರ್ತೀನಿ ಅಂತ ಅಡುಗೆ ಮನೆಗೆ ಹೋದವಳು ಜಾಡಿ ಮುಂದೆ ನಿಂತುಬಿಟ್ಟೆ. ಊರೆಲ್ಲ ಹೊಗಳಿದ್ರೂ ಮನೇಲಿ ಒಂದು ಮಾತು ಕೇಳದೆ ಮೂವತ್ತಾರು ವರ್ಷ ಕಳೆದವಳು ನಾನು. ನನ್ನ ಅಡುಗೆಗೆ ಆ ಮನುಷ್ಯ ಹೆಸರಿಟ್ಟದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ಕೊಂಡು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ನೋ, ನಡುಮನೆಯಿಂದ ಇವರ ದನಿ ಬಂತು. ಆ ದನೀಲಿ ಅವಸರ ಇತ್ತು.

"ಬೇಗ ಬಾರೇ ಸಾಕಮ್ಮ, ಸಾರು ಆರಿಹೋಗುತ್ತೆ!"

ಜಾಡಿಯನ್ನೇ ಎತ್ಕೊಂಡು ಓಡಿದೆ.